ಅಡ್ಡಗಾಳಿಗೆ ಬಾಗುವ ಉರಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ದೊಡ್ಡ ಬೆಂಕಿ ಮತ್ತು ಗಾಳಿಯ ನಂಟಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುವ ಮುನ್ನ ಒಂದು ಮಾತು ನೆನಪಿರಲಿ: ದೊಡ್ಡ ಉರಿ ಗಾಳಿಗೆ ಮೈಯೊಡ್ಡಿ ಸುಮ್ಮನೆ ನಿಲ್ಲುವುದಿಲ್ಲ, ತಾನೂ ಗಾಳಿ ಎಬ್ಬಿಸುತ್ತದೆ. ಬಿಸಿಯಾಗಿ ಹಗುರಾದ ಅನಿಲ ಮೇಲೇರುವ ವೇಗ ಒಂದು ಕಡೆ, ಅಡ್ಡ ಬೀಸುವ ಗಾಳಿಯ ವೇಗ ಇನ್ನೊಂದು ಕಡೆ. ಯಾವುದರ ಕೈ ಮೇಲಾಗಿದೆ ಎಂದು ಗೊತ್ತಾದರೆ ಉರಿ ಯಾವ ಕಡೆ, ಎಷ್ಟು ಬಾಗುತ್ತದೆ, ಯಾರನ್ನು ಸುಡುತ್ತದೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು.

ಪ್ರಶ್ನೆ: ಊದಿದರೆ ದೀಪ ಆರುತ್ತದೆ. ಗಾಳಿ ಬೀಸಿದರೆ ಕಾಡ್ಗಿಚ್ಚು ಮಾತ್ರ ಜೋರಾಗುತ್ತದೆ. ಏಕೆ? (ಶಾಲಾ ಶಿಕ್ಷಕಿ, ಧಾರವಾಡ)

ಉತ್ತರ: ಇಂಧನದ ಆವಿ ಗಾಳಿಯೊಡನೆ ಬೆರೆತು ಉರಿಯಲು ಇಷ್ಟು ಹೊತ್ತು ಬೇಕು ಎಂದಿದೆ. ಗಾಳಿ ಆ ಉರಿಯನ್ನು ದಾಟಿಹೋಗಲು ತೆಗೆದುಕೊಳ್ಳುವ ಹೊತ್ತು ಅದಕ್ಕಿಂತ ಕಡಿಮೆಯಾದರೆ ಉರಿ ಆರುತ್ತದೆ. ದೀಪದ ಕುಡಿ ಸುಮಾರು 1 ಸೆಂ.ಮೀ. ಅಗಲ. ಊದಿದ ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಎಂದುಕೊಂಡರೆ ಅದು ಕುಡಿಯನ್ನು 2 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಉರಿ ಬತ್ತಿಯಿಂದ ಕಿತ್ತುಹೋಗುತ್ತದೆ, ಬತ್ತಿ ತಣಿದು ಆವಿ ನಿಲ್ಲುತ್ತದೆ. ಆರಿದ ಮೇಲೆ ಏಳುವ ಬಿಳಿ ಹೊಗೆ ಉರಿಯದೆ ಉಳಿದ ಎಣ್ಣೆಯ ಆವಿ.

20 ಮೀಟರ್ ಅಗಲದ ಬೆಂಕಿಯನ್ನು ದಾಟಲು ಸೆಕೆಂಡಿಗೆ 8 ಮೀಟರ್ ವೇಗದ ಗಾಳಿಗೆ 2.5 ಸೆಕೆಂಡು ಬೇಕು. ದೀಪಕ್ಕೆ ಹೋಲಿಸಿದರೆ ಇದು ಸಾವಿರ ಪಟ್ಟಿಗೂ ಹೆಚ್ಚು. ಜೊತೆಗೆ ನೆಲದ ಹತ್ತಿರ ಗಾಳಿ ನಿಧಾನ; ಪ್ರತಿ ಹುಲ್ಲುಬುಡದ, ಪ್ರತಿ ಕೊರಡಿನ ಹಿಂದೆ ಸಣ್ಣ ಸುಳಿಯೊಂದು ಬಿಸಿ ಅನಿಲವನ್ನು ಹಿಡಿದಿಟ್ಟು ಉರಿಗೆ ಬೇರು ಕೊಡುತ್ತದೆ. ಹಾಗಾಗಿ ಗಾಳಿ ಅದನ್ನು ಕೀಳಲಾರದೆ ಆಮ್ಲಜನಕ ಒದಗಿಸುತ್ತದೆ, ಉರಿಯನ್ನು ಮುಂದಿನ ಹುಲ್ಲಿನ ಮೇಲೆ ಮಲಗಿಸುತ್ತದೆ. ಬೆಂಕಿಗೆ ವಾಯುಸಖ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ದೊಡ್ಡ ಉರಿಯನ್ನು ಊದಿ ಆರಿಸಲು ಸಾಧ್ಯವೇ ಇಲ್ಲವೆಂದಲ್ಲ. 1991ರಲ್ಲಿ ಕುವೈತಿನ ತೈಲಬಾವಿಗಳು ಉರಿಯುತ್ತಿದ್ದಾಗ ಹಂಗೇರಿಯ ತಂಡವೊಂದು ಟಿ-34 ಯುದ್ಧಟ್ಯಾಂಕಿನ ಮೇಲೆ ಎರಡು ಮಿಗ್-21 ವಿಮಾನದ ಎಂಜಿನ್‌ಗಳನ್ನು ಕೂರಿಸಿ, ಅವುಗಳ ಗಾಳಿಯಲ್ಲಿ ನೀರು ಬೆರೆಸಿ ಬಾವಿಯ ಬಾಯಿಗೆ ಹೊಡೆದು ಉರಿಯನ್ನು ಕಿತ್ತುಹಾಕಿತು. ದೀಪ ಊದುವ ಕೆಲಸವೇ ಅದು. ಬಾಯಿಯ ಬದಲು ಜೆಟ್ ಎಂಜಿನ್.

ಪ್ರಶ್ನೆ: 20 ಮೀಟರ್ ವ್ಯಾಸದ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ ಪೂರ್ತಿ ಹೊತ್ತಿಕೊಂಡರೆ, ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಜ್ವಾಲೆ ಎಷ್ಟು ಬಾಗುತ್ತದೆ? ಕೈಲೆಕ್ಕದ ದಾರಿ ತಿಳಿಸಿ. (ತೈಲ ಸಂಗ್ರಹಾಗಾರದ ಸುರಕ್ಷತಾ ಸಿಬ್ಬಂದಿ, ಮಂಗಳೂರು)

ಉತ್ತರ: ಮೊದಲು ಬೇಕಾದ ಅಂಕಿಗಳು. ದೊಡ್ಡ ಪೆಟ್ರೋಲ್ ಬೆಂಕಿಯಲ್ಲಿ ಪ್ರತಿ ಚದರ ಮೀಟರಿನಿಂದ ಸೆಕೆಂಡಿಗೆ ಸುಮಾರು 0.055 ಕಿಲೋ ಇಂಧನ ಉರಿಯುತ್ತದೆ. ಟ್ಯಾಂಕಿನೊಳಗಿನ ಮಟ್ಟ ಗಂಟೆಗೆ ಸುಮಾರು 27 ಸೆಂ.ಮೀ. ಇಳಿಯುತ್ತದೆ ಎಂದು ಅರ್ಥ. 20 ಮೀಟರ್ ವ್ಯಾಸಕ್ಕೆ ವಿಸ್ತೀರ್ಣ 314 ಚದರ ಮೀಟರ್. ಒಟ್ಟು ಶಾಖ 755 ಮೆಗಾವ್ಯಾಟ್ ಆಸುಪಾಸು.

ಮುಂದಿನದು ಬೆಂಕಿಯ ಸ್ವಂತ ವೇಗ. ಗುರುತ್ವ 9.81, ಉರಿಯುವ ದರ 0.055, ವ್ಯಾಸ 20, ಇವನ್ನು ಗುಣಿಸಿ, ಗಾಳಿಯ ಸಾಂದ್ರತೆ 1.2ರಿಂದ ಭಾಗಿಸಿ, ಬರುವ 8.99ರ ಘನಮೂಲ ತೆಗೆಯಿರಿ. ಉತ್ತರ ಸೆಕೆಂಡಿಗೆ 2.08 ಮೀಟರ್. ಗಾಳಿಯ ವೇಗ 8ನ್ನು ಇದರಿಂದ ಭಾಗಿಸಿದರೆ 3.85. ಈ ಅನುಪಾತ 1ಕ್ಕಿಂತ ಕಡಿಮೆಯಿದ್ದರೆ ಜ್ವಾಲೆ ನೆಟ್ಟಗೆ ನಿಂತಿದೆ ಎಂದೇ ಅಮೆರಿಕನ್ ಗ್ಯಾಸ್ ಅಸೋಸಿಯೇಷನ್ನಿನ ಸೂತ್ರ ಎಣಿಸುತ್ತದೆ. ಹೆಚ್ಚಿದ್ದರೆ ಬಾಗುವ ಕೋನದ ಕೊಸೈನ್ ಎಂದರೆ 1ನ್ನು ಅನುಪಾತದ ವರ್ಗಮೂಲದಿಂದ ಭಾಗಿಸಿದ್ದು. ಇಲ್ಲಿ ಅದು 0.51, ಕೋನ 59 ಡಿಗ್ರಿ. ಇದು ಲಂಬರೇಖೆಯಿಂದ ಅಳೆದ ಕೋನ. ನೆಲದಿಂದ ಅಳೆದರೆ 31 ಡಿಗ್ರಿ ಮಾತ್ರ. ಈ ಎರಡನ್ನು ಅದಲುಬದಲು ಮಾಡಿಕೊಂಡ ಲೆಕ್ಕಗಳು ಬಹಳ.

ಉದ್ದಕ್ಕೆ ಬ್ರಿಟನ್ನಿನ ಥಾಮಸ್ ಅವರ ಸೂತ್ರಗಳಿವೆ. ಉರಿಯುವ ದರವನ್ನು ಗಾಳಿಯ ಸಾಂದ್ರತೆ ಮತ್ತು ಗುರುತ್ವ-ವ್ಯಾಸಗಳ ಗುಣಲಬ್ಧದ ವರ್ಗಮೂಲ ಎರಡರಿಂದಲೂ ಭಾಗಿಸಿ: 0.00327. ಗಾಳಿ ಇಲ್ಲದಾಗ ಇದನ್ನು 0.61ರ ಘಾತಕ್ಕೇರಿಸಿ 42ರಿಂದ ಗುಣಿಸಿದರೆ ಉದ್ದ ವ್ಯಾಸದ 1.28 ಪಟ್ಟು, ಸುಮಾರು 26 ಮೀಟರ್. ಗಾಳಿಯಿದ್ದಾಗ ಘಾತ 0.67, ಗುಣಕ 55. ಜೊತೆಗೆ ಮೇಲಿನ ಅನುಪಾತ 3.85ನ್ನು ಋಣ 0.21ರ ಘಾತಕ್ಕೇರಿಸಿ ಗುಣಿಸಬೇಕು. ಉದ್ದ 18 ಮೀಟರ್. ಹಾಗಾಗಿ ಜ್ವಾಲೆಯ ತುದಿ ಟ್ಯಾಂಕಿನ ಅಂಚಿನಿಂದ ಗಾಳಿ ಹೋಗುವ ಕಡೆಗೆ 15 ಮೀಟರ್ ಚಾಚುತ್ತದೆ, ಅಂಚಿನಿಂದ 9 ಮೀಟರ್ ಮಾತ್ರ ಎತ್ತರದಲ್ಲಿರುತ್ತದೆ. ಪಕ್ಕದ ಟ್ಯಾಂಕು 10 ಮೀಟರ್ ದೂರದಲ್ಲಿದ್ದರೆ ಉರಿ ಅದರ ನೆತ್ತಿಯ ಮೇಲೇ ಮಲಗಿದಂತೆ.

ಥಾಮಸ್ ಸೂತ್ರ ಹುಟ್ಟಿದ್ದು ಕಟ್ಟಿಗೆಯ ಅಟ್ಟಣಿಗೆಗಳನ್ನು ಉರಿಸಿದ ಪ್ರಯೋಗಗಳಿಂದ. ಜ್ವಾಲೆಯ ಎತ್ತರಕ್ಕೆ ಬಳಸುವ ಇನ್ನೊಂದು ಸೂತ್ರ, ಹೆಸ್ಕೆಸ್ಟಡ್ ಅವರದು, ಇದೇ ಟ್ಯಾಂಕಿಗೆ ಗಾಳಿ ಇಲ್ಲದಾಗ 32 ಮೀಟರ್ ಹೇಳುತ್ತದೆ. ಆದ್ದರಿಂದ 18 ಎಂದರೆ 18.0 ಅಲ್ಲ, 15ರಿಂದ 22ರ ನಡುವೆ ಎಲ್ಲಾದರೂ ಎಂದುಕೊಂಡೇ ಯೋಜನೆ ಮಾಡಿ. ಕೆಲವು ಕೈಪಿಡಿಗಳು ಅನುಪಾತದಲ್ಲಿ ಗಾಳಿಯ ಬದಲು ಇಂಧನದ ಆವಿಯ ಸಾಂದ್ರತೆ ಹಾಕುತ್ತವೆ, ಆಗ ಕೋನ ತುಸು ಬದಲಾಗುತ್ತದೆ. ಯಾವುದನ್ನು ಬಳಸಿದಿರಿ ಎಂದು ಲೆಕ್ಕದ ಹಾಳೆಯಲ್ಲಿ ಬರೆದಿಡಿ.

ಒಂದು ವಿಷಯ ಅನುಭವಿಗಳಿಗೂ ಅಚ್ಚರಿ ತರುತ್ತದೆ: ಒಂದೇ ಗಾಳಿಗೆ ಚಿಕ್ಕ ಬೆಂಕಿ ಹೆಚ್ಚು ಬಾಗುತ್ತದೆ. ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ 1 ಮೀಟರ್ ತಟ್ಟೆಯ ಉರಿ 72 ಡಿಗ್ರಿ, 20 ಮೀಟರ್ ಟ್ಯಾಂಕಿನದು 59, 40 ಮೀಟರಿನದು 55. ತರಬೇತಿ ಮೈದಾನದ ತಟ್ಟೆಯಲ್ಲಿ ಕಂಡ ಬಾಗನ್ನು ಟ್ಯಾಂಕಿಗೆ ಹಾಗೇ ಅನ್ವಯಿಸಬೇಡಿ.

ಬಾಗುವುದರ ಜೊತೆಗೆ ಬುಡ ಎಳೆಯುವುದೂ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಉರಿಯುವ ಮುನ್ನವೇ ಗಾಳಿ ಅದನ್ನು ತಾನು ಹೋಗುವ ಕಡೆಗೆ ಎಳೆದೊಯ್ಯುತ್ತದೆ. ನೆಲದ ಮೇಲೆ ಹರಡಿದ 20 ಮೀಟರ್ ಇಂಧನಕ್ಕೆ, ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ, ಜ್ವಾಲೆಯ ಬುಡ ಗಾಳಿ ಹೋಗುವ ದಿಕ್ಕಿನಲ್ಲಿ 30 ಮೀಟರ್‌ವರೆಗೆ ಉದ್ದವಾಗುತ್ತದೆ. ಇಂಧನವೇ ಇಲ್ಲದ 10 ಮೀಟರ್ ನೆಲದ ಮೇಲೂ ಉರಿ ಇರುತ್ತದೆ. ಎತ್ತರದ ಟ್ಯಾಂಕಿನಲ್ಲಿ ಇದು ಬೇರೆ ರೂಪ ತಾಳುತ್ತದೆ: ಗಾಳಿಮರೆಯ ಬದಿಯಲ್ಲಿ ಒತ್ತಡ ಕಡಿಮೆಯಾಗಿ ಉರಿ ಟ್ಯಾಂಕಿನ ಹೊರಗೋಡೆಯ ಮೇಲೆ ಕೆಳಗಿಳಿಯುತ್ತದೆ. ದ್ರವದ ಮಟ್ಟಕ್ಕಿಂತ ಮೇಲಿರುವ ಗೋಡೆಗೆ ಒಳಗಿನಿಂದ ತಂಪು ಇಲ್ಲ. ಅದು ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ, ಅಲ್ಲಿ ಕೂರಿಸಿದ ಫೋಮ್ (ಉರಿ ಮುಚ್ಚುವ ನೊರೆ) ಕೊಳವೆಯೂ ಅದರ ಜೊತೆ ಹೋಗುತ್ತದೆ. ತಂಪು ನೀರು ಮೊದಲು ಬೇಕಾದ ಜಾಗಗಳಲ್ಲಿ ಈ ಬದಿಯೂ ಒಂದು.

ಫೋಮ್ ಗಾಳಿ ಬರುವ ಕಡೆಯಿಂದಲೇ ಹೋಗಬೇಕು. ಮಾನಿಟರಿನಿಂದ (ದೂರಕ್ಕೆ ಚಿಮ್ಮಿಸುವ ದೊಡ್ಡ ನಳಿಕೆ) ಹೊಡೆಯುವುದಾದರೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಎನ್‌ಎಫ್‌ಪಿಎ-11 ಮಾನಕ ಚದರ ಮೀಟರಿಗೆ ನಿಮಿಷಕ್ಕೆ 6.5 ಲೀಟರ್ ಹೇಳುತ್ತದೆ; 314 ಚದರ ಮೀಟರಿಗೆ ನಿಮಿಷಕ್ಕೆ 2,040 ಲೀಟರ್. ಪೆಟ್ರೋಲಿಗೆ 65 ನಿಮಿಷ ನಡೆಸಬೇಕು: 1.33 ಲಕ್ಷ ಲೀಟರ್ ದ್ರಾವಣ, 3 ಶೇಕಡಾದ ಫೋಮ್ ಆದರೆ ಸುಮಾರು 4,000 ಲೀಟರ್ ಸಾಂದ್ರ. ಇದು ಎಣ್ಣೆಯ ಮೇಲೆ ಬಿದ್ದು ಉಳಿಯಬೇಕಾದ ಪ್ರಮಾಣ; ಗಾಳಿ ಮತ್ತು ಜ್ವಾಲೆಯ ಮೇಲೆಳೆತ ಹಾರಿಸುವುದು ಇದರ ಮೇಲೆ. 18 ಮೀಟರಿಗಿಂತ ದೊಡ್ಡ ಸ್ಥಿರ ಛಾವಣಿಯ ಟ್ಯಾಂಕಿಗೆ ಮಾನಿಟರೊಂದನ್ನೇ ನಂಬಬಾರದೆಂದು ಅದೇ ಮಾನಕ ಹೇಳುತ್ತದೆ.

ಲೆಕ್ಕದಲ್ಲಿ ಇನ್ನೆರಡು ಎಡವಟ್ಟುಗಳು. ಹವಾಮಾನ ವರದಿಯ ಗಾಳಿ 10 ಮೀಟರ್ ಎತ್ತರದ್ದು, ಹಲವು ಸಲ ನಾಟ್‌ಗಳಲ್ಲಿ ಇರುತ್ತದೆ. 1 ನಾಟ್ ಎಂದರೆ ಸೆಕೆಂಡಿಗೆ 0.514 ಮೀಟರ್, ಬಯಲಿನಲ್ಲಿ 2 ಮೀಟರ್ ಎತ್ತರದಲ್ಲಿ ವೇಗ ಸುಮಾರು ಶೇ 80 ಮಾತ್ರ. ಇನ್ನೊಂದು, ಅತಿ ಹೆಚ್ಚು ಗಾಳಿಗೆ ಮಾತ್ರ ಲೆಕ್ಕ ಹಾಕಿ ಬಿಡುವುದು. ಗಾಳಿ ಹೆಚ್ಚಾದಷ್ಟೂ ಉರಿ ಗಿಡ್ಡವಾಗುತ್ತದೆ, ಕೆಳಗಿಳಿಯುತ್ತದೆ. ಎತ್ತರದ ಉಪಕರಣಕ್ಕೆ ಮಧ್ಯಮ ಗಾಳಿಯೇ ಹೆಚ್ಚು ಕೆಟ್ಟದ್ದಾಗಬಹುದು. ಸೆಕೆಂಡಿಗೆ 0, 2, 5, 8, 12 ಮೀಟರ್, ಐದಕ್ಕೂ ಲೆಕ್ಕ ಹಾಕಿ ಹೆಚ್ಚಿನ ಅಪಾಯವನ್ನು ಹಿಡಿಯಿರಿ.

ಗಾಳಿ ನಿಂತಿದ್ದರೆ ನಿಶ್ಚಿಂತೆ ಎಂದೂ ತಿಳಿಯಬೇಡಿ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಸೋರಿದ ಪೆಟ್ರೋಲಿನ ಆವಿಯನ್ನು ಚದುರಿಸಲು ಗಾಳಿ ಇರಲಿಲ್ಲ. ಆವಿ ನೆಲ ಹಿಡಿದು ಹರಡಿ ಸ್ಫೋಟಿಸಿತು. 11 ಜನ ಸತ್ತರು, 11 ಟ್ಯಾಂಕುಗಳು ಉರಿದವು. ಬೆಂಕಿ ಹತ್ತುವ ಮೊದಲು ಗಾಳಿ ಬೇಕು, ಹತ್ತಿದ ಮೇಲೆ ಬೇಡ.

ಪ್ರಶ್ನೆ: ಶುದ್ಧೀಕರಣ ಸ್ಥಾವರದ ಫ್ಲೇರ್ ಕಂಬದ (ಬೇಡದ ಅನಿಲವನ್ನು ಎತ್ತರದಲ್ಲಿ ಉರಿಸುವ ಕೊಳವೆ) ಉರಿ ಮಳೆಗಾಲದ ಗಾಳಿಗೆ ಕೊಳವೆಯ ಬಾಯಿಗಿಂತ ಕೆಳಗೆ ಇಳಿದಂತೆ ಕಾಣುತ್ತದೆ. ಅದು ಸರಿಯೇ? (ಸುರತ್ಕಲ್)

ಉತ್ತರ: ಕಾಣುವುದು ಭ್ರಮೆಯಲ್ಲ. ಇಲ್ಲಿ ತೂಗಬೇಕಾದದ್ದು ಹೊರಬರುವ ಅನಿಲದ ಸಂವೇಗ ಮತ್ತು ಅಡ್ಡಗಾಳಿಯ ಸಂವೇಗ: ಎರಡಕ್ಕೂ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಿ ಒಂದನ್ನು ಇನ್ನೊಂದರಿಂದ ಭಾಗಿಸಿ. ಮೀಥೇನ್ ಸೆಕೆಂಡಿಗೆ 60 ಮೀಟರಿನಂತೆ ಹೊರಬಂದು ಗಾಳಿ 10 ಮೀಟರ್ ಇದ್ದರೆ ಅನುಪಾತ ಸುಮಾರು 20. ಉರಿ ಗಾಳಿಯನ್ನು ಸೀಳಿ ಮೇಲೇರಿ ಆಮೇಲೆ ಬಾಗುತ್ತದೆ. ಸ್ಥಾವರ ಸಹಜವಾಗಿ ನಡೆಯುವಾಗ ಅನಿಲ ಕಡಿಮೆ. ವೇಗ 2 ಮೀಟರ್ ಆದರೆ ಅನುಪಾತ 0.02. ಆಗ ಅನಿಲ ಕಂಬದ ಹಿಂದಿನ ಗಾಳಿಮರೆಗೆ ಸೆಳೆದುಕೊಂಡು, ಅಲ್ಲಿ ನಿಂತ ಸುಳಿಯೊಳಗೇ ಉರಿಯುತ್ತದೆ. ಕೊಳವೆಯ ತುದಿಯ ಹೊರಮೈ ಒಂದೇ ಬದಿಯಲ್ಲಿ ಸುಟ್ಟು ತೆಳುವಾಗುವುದಕ್ಕೆ ಇದೇ ಕಾರಣ. ತಪಾಸಣೆಯಲ್ಲಿ ಹೆಚ್ಚಾಗಿ ಬೀಸುವ ಗಾಳಿಯ ಮರೆಯ ಬದಿಯನ್ನು ಮೊದಲು ನೋಡಬೇಕು.

ಇನ್ನೂ ಗಂಭೀರವಾದದ್ದು ಕಣ್ಣಿಗೆ ಕಾಣುವುದಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಗಾಳಿಸುರಂಗದಲ್ಲಿ ಇಂಥ ಉರಿಗಳ ಕೆಳಬದಿಯಿಂದ ಅನಿಲ ಉರಿಯದೆ ತಪ್ಪಿಸಿಕೊಳ್ಳುವುದನ್ನು ಅಳೆದರು. ಕಣದಲ್ಲಿ ತೂರುವಾಗ ಕಾಳು ಬೀಳುವ ಮೊದಲೇ ಹೊಟ್ಟು ಹಾರುವಂತೆ, ಗಾಳಿಯ ಸುಳಿಗಳು ಉರಿಯ ತಳದಿಂದ ಇಂಧನವನ್ನು ಹಾರಿಸಿಬಿಡುತ್ತವೆ. ಗಾಳಿ ಒಂದು ಮಟ್ಟ ಮುಟ್ಟುವವರೆಗೆ ದಹನ ಚೆನ್ನಾಗಿಯೇ ಇರುತ್ತದೆ, ದಾಟಿದ ಮೇಲೆ ಥಟ್ಟನೆ ಕುಸಿಯುತ್ತದೆ. ಆ ಮಟ್ಟ ಅನಿಲದ ವೇಗದ ಘನಮೂಲದ ಜೊತೆ ಏರುತ್ತದೆ: ವೇಗ 8 ಪಟ್ಟಾದರೆ ಎರಡು ಪಟ್ಟು ಗಾಳಿ ತಡೆಯಬಹುದು. ಆದ್ದರಿಂದ ಕಡಿಮೆ ಅನಿಲದ ದಿನಗಳಿಗೆ ಚಿಕ್ಕ ಬಾಯಿಯ ಪ್ರತ್ಯೇಕ ತುದಿ ಇಡುವುದು ಒಳ್ಳೆಯ ವಿನ್ಯಾಸ. ಕಪ್ಪು ಹೊಗೆ ಕಂಡೊಡನೆ ಅದನ್ನು ತಗ್ಗಿಸಲು ಉರಿಗೆ ಬಿಡುವ ಹಬೆಯನ್ನು ಹೆಚ್ಚಿಸುತ್ತಾ ಹೋಗುವುದು ತಪ್ಪು. ಹಬೆ ಅತಿಯಾದರೆ ಹೊಗೆ ಮಾಯವಾಗುತ್ತದೆ, ಉರಿಯದ ಅನಿಲ ಹೆಚ್ಚುತ್ತದೆ.

ಪ್ರಶ್ನೆ: ಬಣವೆಗೆ ಬೆಂಕಿ ಬಿದ್ದರೆ ಮೊದಲ ನೀರು ಎಲ್ಲಿಗೆ? (ರೈತರು, ಹಾವೇರಿ)

ಉತ್ತರ: ಉರಿಯುವ ಬಣವೆಗಲ್ಲ, ಗಾಳಿ ಹೋಗುವ ಕಡೆಯ ಮುಂದಿನ ಬಣವೆಗೆ, ಕೊಟ್ಟಿಗೆಗೆ. ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಕೆಲಸ ಮಾಡಿ. ಬದಿಯಲ್ಲಿ ನಿಂತರೂ ಗಾಳಿ ಆಗಾಗ ಹೊರಳುತ್ತದೆಂದು ಅಂತರ ಬಿಡಿ. ಒಳಗೆ ಹುಲ್ಲು ಹೊಗೆಯಾಡುತ್ತಲೇ ಇರುತ್ತದೆ, ಮೇಲಿನ ನೀರು ಅಲ್ಲಿಗೆ ಇಳಿಯುವುದಿಲ್ಲ. ಗಾಳಿ ಬರುವ ಬದಿಯಿಂದ ಸ್ವಲ್ಪಸ್ವಲ್ಪವೇ ಎಳೆದು, ಎಳೆದಷ್ಟನ್ನೂ ನೆನೆಸಿ. ಒಮ್ಮೆಲೇ ಕೆಡವಿದರೆ ಒಳಗಿನ ಕೆಂಡಕ್ಕೆ ಗಾಳಿ ಸಿಕ್ಕಿ ಭುಗಿಲೇಳುತ್ತದೆ.

ಪ್ರಶ್ನೆ: ಕಾಡಂಚಿನ ಹುಲ್ಲಿಗೆ ಬೆಂಕಿ ಬಿದ್ದಾಗ ಬೆಂಕಿರೇಖೆ (ಹುಲ್ಲು ತೆಗೆದ ಖಾಲಿ ಪಟ್ಟಿ) ಎಷ್ಟು ಅಗಲ ಇರಬೇಕು? ಎದುರು ಬೆಂಕಿ (ಬರುವ ಬೆಂಕಿಯ ಮುಂದಿನ ಹುಲ್ಲನ್ನು ನಾವೇ ಸುಡುವುದು) ಕೊಟ್ಟರೆ ಕೆಲವೊಮ್ಮೆ ನಮ್ಮ ಮೇಲೇ ತಿರುಗುತ್ತದೆ, ಏಕೆ? (ಗುಂಡ್ಲುಪೇಟೆ)

ಉತ್ತರ: ಬಂಡೀಪುರದಲ್ಲಿ 2019ರ ಫೆಬ್ರವರಿಯ ಬೆಂಕಿ ನೋಡಿದ ನಿಮ್ಮ ಸೀಮೆಯವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಮೊದಲು ಬೆಂಕಿಯ ಬಲ ಅಳೆಯೋಣ. ಒಂದು ಚದರ ಮೀಟರಿನಲ್ಲಿರುವ ಒಣ ಹುಲ್ಲಿನ ತೂಕ, ಕಿಲೋಗೆ ಸುಮಾರು 18,000 ಕಿಲೋಜೂಲ್ ಶಾಖ, ಬೆಂಕಿ ಮುಂದೆ ಸಾಗುವ ವೇಗ, ಈ ಮೂರನ್ನು ಗುಣಿಸಿದರೆ ಬೆಂಕಿಸಾಲಿನ ಒಂದು ಮೀಟರಿನ ಬಲ. ಇದು ಬೈರಮ್ ಎಂಬ ಅಮೆರಿಕದ ಅರಣ್ಯ ವಿಜ್ಞಾನಿ ಕೊಟ್ಟ ಅಳತೆ. ಹೆಕ್ಟೇರಿಗೆ 5 ಟನ್ ಹುಲ್ಲು ಎಂದರೆ ಚದರ ಮೀಟರಿಗೆ ಅರ್ಧ ಕಿಲೋ. ಬೆಂಕಿ ಸೆಕೆಂಡಿಗೆ 10 ಸೆಂ.ಮೀ. ಸಾಗಿದರೆ 900 ಕಿಲೋವ್ಯಾಟ್, ಜ್ವಾಲೆಯ ಉದ್ದ 1.8 ಮೀಟರ್. ಗಾಳಿ ಎದ್ದು 1 ಮೀಟರ್ ಸಾಗತೊಡಗಿದರೆ 9,000 ಕಿಲೋವ್ಯಾಟ್, ಉದ್ದ 5 ಮೀಟರ್.

ಜ್ವಾಲೆ 1.2 ಮೀಟರಿಗಿಂತ ಉದ್ದವಾದರೆ ಸೊಪ್ಪು, ಸಲಿಕೆ ಹಿಡಿದು ಮುಂಭಾಗಕ್ಕೆ ಹೋಗಬಾರದು. 2.4 ಮೀಟರ್ ದಾಟಿದರೆ ಯಂತ್ರಗಳಿಗೂ ಕಷ್ಟ. 3.4 ಮೀಟರ್ ದಾಟಿದ ಬೆಂಕಿಯನ್ನು ಎದುರಿನಿಂದ ತಡೆಯುವ ಪ್ರಯತ್ನ ವ್ಯರ್ಥ. ಹಿಂದಿನಿಂದ, ಬದಿಗಳಿಂದ ಕಟ್ಟಿಕೊಂಡು ಬರಬೇಕು.

ಅಗಲದ ಮಾತಿಗೆ ಬಂದರೆ, ಗಾಳಿಗೆ ಮಲಗಿದ 5 ಮೀಟರ್ ಜ್ವಾಲೆ ರೇಖೆಯ ಮೇಲೆ ಹೆಚ್ಚುಕಡಿಮೆ 5 ಮೀಟರೇ ಚಾಚುತ್ತದೆ. ನಮ್ಮ ಸಲಹೆ, ನಿರೀಕ್ಷಿತ ಜ್ವಾಲೆಯ ಉದ್ದದ ಎರಡರಷ್ಟಕ್ಕಿಂತ ಕಡಿಮೆ ಬೇಡ. ಅದೂ ಕಿಡಿಗಳನ್ನು ತಡೆಯುವುದಿಲ್ಲ. ರೇಖೆಯ ಆಚೆ ಕಾವಲು ಜನ ಇಲ್ಲದಿದ್ದರೆ ಎಷ್ಟು ಅಗಲ ಮಾಡಿದರೂ ಅರ್ಧ ಕೆಲಸ.

ಬೆಂಕಿ ಮುಂದಿನ ಹುಲ್ಲಿಗೆ ಹತ್ತುವುದು ಹೇಗೆ ಎಂಬ ತಿಳಿವಳಿಕೆಯೂ ಬದಲಾಗಿದೆ. ಮೊದಲು ಎಲ್ಲರೂ ವಿಕಿರಣದ ಕಡೆ ಬೊಟ್ಟು ಮಾಡುತ್ತಿದ್ದರು. ಅಮೆರಿಕದ ಮಿಸೌಲಾ ಪ್ರಯೋಗಾಲಯದವರು 2015ರಲ್ಲಿ ಪ್ರಕಟಿಸಿದ ಕೆಲಸ ತೋರಿಸಿದ್ದು ಬೇರೆ: ತೆಳ್ಳನೆಯ ಹುಲ್ಲಿನ ಎಸಳನ್ನು ಸುತ್ತಲಿನ ಗಾಳಿ ತಣಿಸುತ್ತಲೇ ಇರುವುದರಿಂದ ವಿಕಿರಣ ಒಂದೇ ಅದನ್ನು ಹೊತ್ತಿಸಲಾರದು. ಹೊತ್ತಿಸುವುದು ನಾಲಗೆ ಚಾಚಿ ಮುಟ್ಟುವ ಉರಿ. ಬೆಂಕಿಸಾಲನ್ನು ಮುಂದಿನಿಂದ ನೋಡಿದರೆ ಅದು ಗರಗಸದಂತೆ ಏರು-ತಗ್ಗಾಗಿ ಕಾಣುತ್ತದಲ್ಲ, ಪ್ರತಿ ಏರು-ತಗ್ಗಿನ ನಡುವೆ ಉದ್ದುದ್ದ ಮಲಗಿದ ಸುಳಿಗಳ ಜೋಡಿಯಿದೆ. ತಗ್ಗಿನಲ್ಲಿ ತಣ್ಣನೆ ಗಾಳಿ ಕೆಳಗಿಳಿದು ಉರಿಯನ್ನು ಮುಂದಕ್ಕೆ ತಳ್ಳುತ್ತದೆ. ಅಲ್ಲಿಂದಲೇ ನಾಲಗೆ ಚಿಮ್ಮುವುದು. ಸಾಲು ತಗ್ಗಾಗಿ ಕಾಣುವ ಜಾಗ ಸುರಕ್ಷಿತ ಎಂದು ಅತ್ತ ನುಗ್ಗುವುದು ಆದ್ದರಿಂದ ದೊಡ್ಡ ತಪ್ಪು.

ಈಗ ಎದುರು ಬೆಂಕಿ. ದೊಡ್ಡ ಬೆಂಕಿ ತನ್ನ ಬುಡಕ್ಕೆ ಸುತ್ತಲಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ಸೆಳೆತ ಸಿಕ್ಕ ಮೇಲೆ ಕೊಟ್ಟ ಎದುರು ಬೆಂಕಿ ತಾನಾಗಿ ಅದರ ಕಡೆ ಓಡುತ್ತದೆ. ಸೆಳೆತ ಬರುವ ಮೊದಲೇ ಕೊಟ್ಟರೆ ಬೀಸುವ ಗಾಳಿಯ ಜೊತೆ ನಿಮ್ಮ ಮೇಲೆ ತಿರುಗುತ್ತದೆ. ಗಾಳಿ ಬಲವಾಗಿದ್ದರೆ ಮುಂಭಾಗದಲ್ಲಿ ಸೆಳೆತ ಹುಟ್ಟುವುದೇ ಇಲ್ಲ, ಬಿಸಿ ಹೊಗೆ ನಿಮ್ಮ ತಲೆಯ ಮೇಲೆ ಮಲಗಿ ಹೋಗುತ್ತದೆ. ಇದಕ್ಕೂ ಬೈರಮ್ ಒಂದು ಸಂಖ್ಯೆ ಕೊಟ್ಟಿದ್ದಾರೆ: ಬೆಂಕಿಯ ಬಲ ಮೇಲೆ, ಗಾಳಿಯ ವೇಗದಿಂದ ಬೆಂಕಿಯ ವೇಗ ಕಳೆದು ಅದರ ಘನ ಕೆಳಗೆ, ಜೊತೆಗೆ ಗುರುತ್ವ, ಗಾಳಿಯ ಸಾಂದ್ರತೆ, ಉಷ್ಣತೆಗಳ ಸ್ಥಿರಾಂಕಗಳು. 9,000 ಕಿಲೋವ್ಯಾಟ್ ಸಾಲಿಗೆ ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ ಅದು ಸುಮಾರು 1.4, ಅಂದರೆ ಬೆಂಕಿಯ ಕೈ ತುಸು ಮೇಲು. ಗಾಳಿ 12 ಆದರೆ 0.4ಕ್ಕಿಂತ ಕಡಿಮೆ, ಆಟ ಪೂರ್ತಿ ಗಾಳಿಯದು. ಘನ ಇರುವುದರಿಂದ ಒಂದು ಬಲವಾದ ಬೀಸು ಸಾಕು, ಪಕ್ಷ ಬದಲಾಗುತ್ತದೆ. ಪರೀಕ್ಷೆ ಸುಲಭ: ನೀವು ನಿಂತಲ್ಲಿ ಒಂದು ಹಿಡಿ ಒಣ ಮಣ್ಣನ್ನು ಸೊಂಟದೆತ್ತರದಿಂದ ಬಿಡಿ. ಧೂಳು ಬೆಂಕಿಯ ಕಡೆ ಹೋಗದಿದ್ದರೆ ಎದುರು ಬೆಂಕಿ ಬೇಡ.

ಗಾಳಿಯ ದಿಕ್ಕು ತಿರುಗಿದಾಗ ಬೆಂಕಿಯ ಉದ್ದನೆಯ ಬದಿಯೇ ಮುಂಭಾಗವಾಗುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2009ರ ಫೆಬ್ರವರಿ 7ರಂದು ವಾಯವ್ಯದ ಗಾಳಿಗೆ ಓಡುತ್ತಿದ್ದ ಬೆಂಕಿಗಳು ಸಂಜೆ ನೈಋತ್ಯದ ಗಾಳಿ ಬಂದೊಡನೆ ಬದಿಯಿಂದ ತಿರುಗಿದವು. ಆ ದಿನದ ಬೆಂಕಿಗಳಲ್ಲಿ 173 ಜನ ಸತ್ತರು. ಬದಿಯಲ್ಲಿ ಕೆಲಸ ಮಾಡುವವರು ಸುಟ್ಟುಹೋದ ನೆಲದ ಕಡೆಗೆ ಹೋಗಲು ದಾರಿ ಇಟ್ಟುಕೊಂಡೇ ಇರಬೇಕು.

ಪ್ರಶ್ನೆ: ಕಣಿವೆಯ ಏರಿನಲ್ಲಿ ಗಾಳಿಯೇ ಇಲ್ಲದಾಗಲೂ ಉರಿ ನೆಲಕ್ಕೆ ಒರಗಿ ಮೇಲಕ್ಕೆ ಓಡುವುದೇಕೆ? (ಶಿವಮೊಗ್ಗ)

ಉತ್ತರ: ಉರಿ ಎರಡು ಕಡೆಯಿಂದಲೂ ಗಾಳಿ ಎಳೆಯುತ್ತದೆ. ಇಳಿಜಾರಿನಲ್ಲಿ ಮೇಲಿನ ಬದಿಗೆ ನೆಲ ಅಡ್ಡ ಇರುವುದರಿಂದ ಅಲ್ಲಿ ಗಾಳಿ ಸಾಲದು, ಕೆಳಗಿನಿಂದ ಬರುವ ಗಾಳಿ ಉರಿಯನ್ನು ನೆಲಕ್ಕೆ ಅದುಮುತ್ತದೆ. ಅಕ್ಕಪಕ್ಕ ಗೋಡೆಯಂತೆ ದಂಡೆಗಳಿದ್ದರೆ ಬದಿಯ ಗಾಳಿಯೂ ನಿಂತು ಇದು ಇನ್ನೂ ಜೋರು. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 1987ರ ನವೆಂಬರ್ 18ರಂದು ಮರದ ಎಸ್ಕಲೇಟರಿನಲ್ಲಿ ಹೀಗೇ ಆಯಿತು. 30 ಡಿಗ್ರಿ ಇಳಿಜಾರಿನ ಕಾಲುವೆಯೊಳಗೆ ಉರಿ ಮಲಗಿ, ಮೇಲಿನ ಟಿಕೆಟ್ ಹಾಲಿಗೆ ಚಿಮ್ಮಿ 31 ಜನರನ್ನು ಕೊಂದಿತು. ಕಂಪ್ಯೂಟರ್ ಲೆಕ್ಕ ಇದನ್ನು ತೋರಿಸಿದಾಗ ತಜ್ಞರೇ ಮೊದಲು ನಂಬಲಿಲ್ಲ. ಮೂರನೇ ಒಂದು ಅಳತೆಯ ಮಾದರಿ ಉರಿಸಿದ ಮೇಲೆ ಒಪ್ಪಿದರು. ಬೆಂಕಿ ಕೆಳಗಿರುವಾಗ ಕಿರಿದಾದ ಹಳ್ಳದ ಮೇಲ್ತುದಿಯಲ್ಲಿ ಯಾರೂ ನಿಲ್ಲಬಾರದು.

ಪ್ರಶ್ನೆ: ಬೆಂಕಿಯ ಸುಂಟರಗಾಳಿ ನಿಜವೇ? (ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿಜ, ಮತ್ತು ಅದರ ತವರು ಅಡ್ಡಗಾಳಿ. ದೊಡ್ಡ ಹೊಗೆಗಂಬ ಗಾಳಿಗೆ ಅಡ್ಡ ನಿಂತಾಗ ನದಿಯ ಬಂಡೆಯ ಹಿಂದೆ ಸುಳಿ ಏಳುವಂತೆ ಅದರ ಮರೆಯಲ್ಲಿ ಸುಳಿಗಳು ಹುಟ್ಟುತ್ತವೆ. ಒಂದು ಸುಳಿ ಉರಿಯ ಮೇಲೆ ಬಂದರೆ ಮೇಲೇರುವ ಬಿಸಿ ಅನಿಲ ಅದನ್ನು ಎಳೆದು ಉದ್ದ ಮಾಡುತ್ತದೆ. ತೆಳ್ಳಗಾದಷ್ಟೂ ಅದು ವೇಗವಾಗಿ ತಿರುಗುತ್ತದೆ. ತಳದಲ್ಲಿ ಗಾಳಿ ಒಳಕ್ಕೆ ನುಗ್ಗಿ ಇಂಧನಕ್ಕೆ ತಾಗುವುದರಿಂದ ಉರಿಯುವ ದರವೂ ಏರುತ್ತದೆ. ತಿರುಗುವ ಜಾಲರಿಯೊಳಗೆ ಅಸಿಟೋನ್ ಉರಿಸಿ ಎಮ್ಮನ್ಸ್ ಮತ್ತು ಯಿಂಗ್ 1967ರಲ್ಲಿ ಇದನ್ನು ಅಳೆದು ತೋರಿಸಿದರು.

1923ರ ಸೆಪ್ಟೆಂಬರ್ 1ರ ಭೂಕಂಪದ ನಂತರ ಟೋಕಿಯೊದ ಹೊಂಜೊದಲ್ಲಿ, ಸೇನೆಯ ಹಳೆಯ ಉಡುಪು ಡಿಪೋದ ಬಯಲಿನಲ್ಲಿ ಆಶ್ರಯ ಪಡೆದವರ ಮೇಲೆ ಇಂಥ ಸುಳಿ ಬಂದು ಸುಮಾರು 38,000 ಜನ ಸತ್ತರು. ಸುತ್ತ ಉರಿ ಇದ್ದ ಆ ಬಯಲಿನಲ್ಲಿ ಉರಿಯಲು ಇದ್ದದ್ದು ಜನ ಹೊತ್ತುತಂದ ಸಾಮಾನು. 2018ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ರೆಡಿಂಗ್ ಬಳಿಯ, ‘ಕಾರ್’ ಎಂದು ಹೆಸರಿಟ್ಟ ಕಾಡ್ಗಿಚ್ಚಿನಲ್ಲಿ ಎದ್ದ ಸುಳಿಯ ಗಾಳಿ ಗಂಟೆಗೆ 230 ಕಿ.ಮೀ. ಮೀರಿತ್ತು. ಇದಕ್ಕೆ ಬಿರುಗಾಳಿ ಬೇಕಿಲ್ಲ. ಗಾಳಿ ತೀರ ಕಡಿಮೆಯಾದರೆ ಸುಳಿ ಹುಟ್ಟದು, ತೀರ ಹೆಚ್ಚಾದರೆ ಹರಿದುಹೋಗುತ್ತದೆ; ನಡುವಿನ ಒಂದು ವೇಗದಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಟ್ಯಾಂಕ್ ಬೆಂಕಿಯ ಬಾಗನ್ನು ಸಣ್ಣ ಮಾದರಿಯಲ್ಲಿ ತೋರಿಸಬೇಕು. 30 ಸೆಂ.ಮೀ. ತಟ್ಟೆ ಸಾಕೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಸಾಕು, ಅದಕ್ಕಿಂತ ಚಿಕ್ಕದು ಬೇಡ, ಉರಿ ಪ್ರಕ್ಷುಬ್ಧವಾಗುವುದಿಲ್ಲ. ಆದರೆ ತಟ್ಟೆಗೆ ಪೆಟ್ರೋಲ್ ಸುರಿಯಬೇಡಿ. ಅಪಾಯವೊಂದೇ ಅಲ್ಲ, ದ್ರವದ ಉರಿಯುವ ದರ ಗಾಳಿಯೊಡನೆ ತಾನೇ ಬದಲಾಗಿ ಲೆಕ್ಕ ಕೆಡಿಸುತ್ತದೆ. ಅನಿಲ ಬರ್ನರ್ ಮಾಡಿ: 30 ಸೆಂ.ಮೀ. ವ್ಯಾಸ, 15 ಸೆಂ.ಮೀ. ಆಳದ ಉಕ್ಕಿನ ಡಬ್ಬ, ತಳದಲ್ಲಿ ಜಲ್ಲಿ, ಮೇಲೆ ಜಾಲರಿ, ಅದರ ಮೇಲೆ ಮರಳು.

ಮೇಲಿನ 20 ಮೀಟರ್ ಟ್ಯಾಂಕಿನ ಮಾದರಿಯಾದರೆ ಅಳತೆ 66.7ರಲ್ಲಿ ಒಂದು. ಗಾಳಿಯ ವೇಗ ಅಳತೆಯ ವರ್ಗಮೂಲದಂತೆ ಇಳಿಯಬೇಕು: 8 ಹೋಗಿ ಸೆಕೆಂಡಿಗೆ 0.98 ಮೀಟರ್. ಶಾಖ ಎರಡೂವರೆ ಘಾತದಂತೆ: 755 ಮೆಗಾವ್ಯಾಟ್ ಹೋಗಿ 20.8 ಕಿಲೋವ್ಯಾಟ್, ಅಂದರೆ ಗಂಟೆಗೆ 1.6 ಕಿಲೋ ಎಲ್‌ಪಿಜಿ. 19 ಕಿಲೋದ ವಾಣಿಜ್ಯ ಸಿಲಿಂಡರ್ ಬಳಸಿ, ಮನೆಯದು ಕಾನೂನುಬಾಹಿರ. ಹರಿವು ನಡೆಯುತ್ತಾ ಸಿಲಿಂಡರ್ ತಣಿದು ಒತ್ತಡ ಬೀಳುತ್ತದೆ. ಹರಿವು ಅಳೆಯುವ ರೋಟಾಮೀಟರ್ ಮೇಲೆ ಕಣ್ಣಿಟ್ಟು ಸೂಜಿ ಕವಾಟದಿಂದ ಸರಿಪಡಿಸುತ್ತಿರಬೇಕು. ಸಿಲಿಂಡರನ್ನೇ ತಕ್ಕಡಿಯ ಮೇಲಿಟ್ಟರೆ ತಪ್ಪು ಉಳಿಯುವುದಿಲ್ಲ.

ಫ್ಯಾನಿನ ಗಾಳಿ ತಿರುಚಿಕೊಂಡು ಬರುತ್ತದೆ, ಜೇನುಗೂಡಿನಂತೆ ಜೋಡಿಸಿದ ಕೊಳವೆಗಳ ಮೂಲಕ ಹಾಯಿಸಿ. ಬೆಂಕಿ ಹಚ್ಚುವ ಮುನ್ನ ಬರ್ನರ್ ಜಾಗದಲ್ಲಿ ಹತ್ತಾರು ಬಿಂದುಗಳಲ್ಲಿ ವೇಗ ಅಳೆದು ವ್ಯತ್ಯಾಸ ಶೇ 5ರೊಳಗೆ ತನ್ನಿ; ಹಚ್ಚಿದ ಮೇಲೆ ಹತ್ತಿರ ಅಳೆದರೆ ಬೆಂಕಿಯ ಸ್ವಂತ ಸೆಳೆತವೂ ಸೇರಿಬಿಡುತ್ತದೆ. ಮುಚ್ಚಿದ ಸುರಂಗದಲ್ಲಿ ಬಿಸಿ ಅನಿಲ ಸೂರಿಗೆ ಬಡಿದು ಹಿಂದಕ್ಕೆ ಹರಿದು ಕೋನ ಕೆಡಿಸುತ್ತದೆ, ಮೇಲ್ಭಾಗ ತೆರೆದಿರಲಿ. ಬರ್ನರಿನ ಅಂಚು ನೆಲದ ಮಟ್ಟಕ್ಕಿರಬೇಕು, ಟ್ಯಾಂಕಿನ ಗೋಡೆಯ ಪರಿಣಾಮ ಬೇಕಾದರೆ ಮಾತ್ರ ಎತ್ತರಿಸಿ. ವಿಕಿರಣ ಮಾತ್ರ ಈ ಅಳತೆಗೆ ಸಿಗುವುದಿಲ್ಲ. ಮಾದರಿಯ ಶಾಖವನ್ನು ಟ್ಯಾಂಕಿಗೆ ಗುಣಿಸಿ ಹೇಳಬೇಡಿ.

ಉರಿ ಸೆಕೆಂಡಿಗೆ ಸುಮಾರು 2.7 ಸಲ ಉಬ್ಬಿ ಇಳಿಯುತ್ತದೆ (1.5ನ್ನು ಮೀಟರಿನಲ್ಲಿರುವ ವ್ಯಾಸದ ವರ್ಗಮೂಲದಿಂದ ಭಾಗಿಸಿ). ಆದ್ದರಿಂದ ಒಂದು ಫೋಟೊ ಸಾಲದು. ಸೆಕೆಂಡಿಗೆ 30 ಚಿತ್ರಗಳ ವಿಡಿಯೊವನ್ನು ಒಂದು ನಿಮಿಷ ತೆಗೆದು, 1,800 ಚಿತ್ರಗಳಲ್ಲಿ ಅರ್ಧದಷ್ಟರಲ್ಲಿ ಉರಿ ಇರುವ ಗಡಿಯನ್ನು ಜ್ವಾಲೆಯ ಅಂಚು ಎಂದು ಹಿಡಿಯಿರಿ. ಕೋನ 60 ಡಿಗ್ರಿಯ ಆಸುಪಾಸು ಬಂದರೆ ಜೋಡಣೆ ಸರಿಯಿದೆ. 45ಕ್ಕೆ ನಿಂತರೆ ಅನಿಲ ಹೆಚ್ಚು ಹೋಗುತ್ತಿದೆ ಅಥವಾ ನೆಲದ ಹತ್ತಿರ ಗಾಳಿ ನಿಮ್ಮ ಎಣಿಕೆಗಿಂತ ನಿಧಾನ, 5 ಸೆಂ.ಮೀ. ಎತ್ತರದಲ್ಲಿ ವೇಗ ಮತ್ತೆ ಅಳೆಯಿರಿ.